ಅಜ್ಜನ ಕಾಲದ ಕೋವಿಯ ಮರ ಸೀಳಿದೆ: ಅಂಟು ಹಾಕುವ ಮೊದಲು ನೋಡಬೇಕಾದ್ದು

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ಜೋಡುನಳಿಕೆ ತೋಟಾಕೋವಿ ಇದೆ. 12 ಬೋರ್, ಹ್ಯಾಮರ್‌ಗಳು (ಟ್ರಿಗರ್ ಒತ್ತಿದಾಗ ಬಡಿಯುವ ಭಾಗಗಳು) ಹೊರಗಿರುವ ಹಳೇ ಮಾದರಿ. ನಳಿಕೆಗಳ ಮೇಲೆ ಸುರುಳಿ ಸುರುಳಿ ಗೆರೆಗಳು ಕಾಣುತ್ತವೆ. ಕೈ ಹಿಡಿಯುವ ಜಾಗದಲ್ಲಿ, ಮೇಲಿನ ಕಬ್ಬಿಣದ ಪಟ್ಟಿ ಮುಗಿಯುವಲ್ಲಿಂದ ಹಿಂದಕ್ಕೆ ಸುಮಾರು 7 ಸೆಂ.ಮೀ. ಬಿರುಕು ಬಿದ್ದಿದೆ; ಹಿಡಿದು ತಿರುಚಿದರೆ ಸ್ವಲ್ಪ ಬಾಯಿ ಬಿಡುತ್ತದೆ. ಬಲಗಡೆಯ ಲಾಕ್ ಪ್ಲೇಟಿನ (ಹ್ಯಾಮರ್ ನಡೆಸುವ ಯಂತ್ರವನ್ನು ಹೊತ್ತ ಲೋಹದ ತಗಡು) ಹಿಂದೆ ಉಗುರಿನಷ್ಟು ಚಕ್ಕೆ ಎದ್ದುಹೋಗಿದೆ. ಬುಡದ ಕೆಳಮೂಲೆ ಮುರಿದು ಕಳೆದಿದೆ. ಹಿಂದೆ ಯಾರೋ ಬಿರುಕಿಗೆ ಅಡ್ಡಲಾಗಿ ಎರಡು ಸಣ್ಣ ಮೊಳೆ ಹೊಡೆದು ಅಂಟು ಸುರಿದಿದ್ದಾರೆ, ಆ ಜಾಗ ಕಪ್ಪಾಗಿದೆ. ಒಬ್ಬರು ಫೆವಿಕಾಲ್ ತುಂಬಿ ಬಿಗಿಯಾಗಿ ಕಟ್ಟಿಡಿ ಎನ್ನುತ್ತಾರೆ, ಇನ್ನೊಬ್ಬರು ಪೂರ್ತಿ ಉಜ್ಜಿ ಹೊಸ ಪಾಲಿಶ್ ಕೊಡಿಸಿ ಎನ್ನುತ್ತಾರೆ, ಮತ್ತೊಬ್ಬರು ಈ ಮರ ಸತ್ತುಹೋಗಿದೆ, ಹೊಸದು ಹಾಕಿಸಿ ಎನ್ನುತ್ತಾರೆ. ನನಗೆ ಮರಗೆಲಸ ಸ್ವಲ್ಪ ಗೊತ್ತು. ಮನೆಯಲ್ಲೇ ಸರಿಮಾಡಬಹುದೆ? ಆಮೇಲೆ ಗುಂಡು ಹಾರಿಸಬಹುದೆ?

ಉತ್ತರ:

ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆಗಳು ಬೆರೆತಿವೆ. ಮರ ಉಳಿಯುತ್ತದೆಯೇ ಎಂಬುದು ಒಂದು, ಕೋವಿ ಮತ್ತೆ ಕೆಲಸಕ್ಕೆ ಬರುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೌದು. ನೀವು ಹೇಳಿದ ಹಾನಿ ಹಳೇ ಕೋವಿಗಳಲ್ಲಿ ತೀರಾ ಸಾಮಾನ್ಯ. ತಾಳ್ಮೆ ಇದ್ದರೆ ಮನೆಯಲ್ಲೇ ಆಗುವ ಕೆಲಸ. ಎರಡನೆಯದಕ್ಕೂ ಮರಕ್ಕೂ ಸಂಬಂಧ ಕಡಿಮೆ. ಅದನ್ನು ಮೊದಲು ಮುಗಿಸಿಬಿಡೋಣ.

ನಳಿಕೆಯ ಮೇಲಿನ ಸುರುಳಿ ಗೆರೆಗಳು ಡಮಾಸ್ಕಸ್ ಅಥವಾ ಟ್ವಿಸ್ಟ್ ನಳಿಕೆಯ ಗುರುತು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ, ಸುರುಳಿಯಾಗಿ ಸುತ್ತಿ, ಕಾಯಿಸಿ ಬೆಸೆದು ಮಾಡಿದ ನಳಿಕೆ ಅದು. ಅಂಥವು ಬಹುಪಾಲು ಕಪ್ಪು ಮದ್ದಿನ ಕಾಲದವು. ಈಗಿನ ಹೊಗೆರಹಿತ ಮದ್ದಿನ ಒತ್ತಡಕ್ಕೆ ಪರೀಕ್ಷೆಯಾಗಿದೆಯೇ ಎಂದು ನಳಿಕೆಯ ಕೆಳಭಾಗದ ಪ್ರೂಫ್ ಮುದ್ರೆಗಳನ್ನು ಓದಬಲ್ಲವರು ನೋಡಿ ಹೇಳಬೇಕು. ಮುದ್ರೆ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಆಮೇಲೆ ಯಾರಾದರೂ ಒಳಗಿನ ತುಕ್ಕು ತೆಗೆಯಲು ಕೊರೆದು ನಯ ಮಾಡಿದ್ದರೆ ಗೋಡೆ ತೆಳುವಾಗಿರುತ್ತದೆ, ಅದನ್ನು ಅಳೆದೇ ತಿಳಿಯಬೇಕು. ಹಳೇ 12 ಬೋರ್ ಕೋವಿಗಳ ಚೇಂಬರ್, ಅಂದರೆ ತೋಟೆ ಕೂರುವ ಜಾಗ, ಬಹಳ ಸಲ 65 ಮಿ.ಮೀ. ಇರುತ್ತದೆ. ಇಂದಿನ 70 ಮಿ.ಮೀ. ತೋಟೆ ಅದರೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ 70 ಎಂಬುದು ಬಾಯಿ ಬಿಚ್ಚಿದ ಮೇಲಿನ ಉದ್ದ, ಮಡಿಚಿದ ಬಾಯಿಯ ತೋಟೆ ಅದಕ್ಕಿಂತ ಚಿಕ್ಕದು. ಹಾರಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಹಾಗಾಗಿ ತೋಟೆ ಕೂತಿತು ಎಂಬುದು ಯಾವ ಪರೀಕ್ಷೆಯೂ ಅಲ್ಲ. ಮರವನ್ನು ಎಷ್ಟೇ ಚೆನ್ನಾಗಿ ಕೂಡಿಸಿದರೂ ನಳಿಕೆ, ಚೇಂಬರ್, ಲಾಕ್ ಮೂರನ್ನೂ ಕೋವಿ ರಿಪೇರಿ ಬಲ್ಲ ಅರ್ಹ ಗನ್‌ಸ್ಮಿತ್ ನೋಡಿ ಒಪ್ಪುವವರೆಗೆ ಅದನ್ನು ಗೋಡೆಯ ಕೋವಿ ಎಂದೇ ತಿಳಿಯಿರಿ. ರಿಪೇರಿಗೆಂದು ಬೇರೆಯವರ ಕೈಗೆ ಕೊಡುವ ಮೊದಲು ನಿಮ್ಮ ಕಡೆಯ ಪರವಾನಗಿ ನಿಯಮವನ್ನೂ ವಿಚಾರಿಸಿ.

ಇನ್ನು ಮರ.

ಬಿರುಕು ಏಕೆ ಬಿತ್ತು ಎಂದು ಕೇಳದೆ ಅಂಟಿನ ಡಬ್ಬಿ ತೆರೆಯುವುದೇ ಈ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. ನಿಮ್ಮ ಕೋವಿಗೆ ಮೊಳೆ ಹೊಡೆದವರು ಮಾಡಿದ್ದೂ ಅದನ್ನೇ. ಕೋವಿ ಹಾರಿದಾಗ ಲೋಹದ ದೇಹ, ಅಂದರೆ ಆಕ್ಷನ್, ಹಿಂದಕ್ಕೆ ನುಗ್ಗುತ್ತದೆ. ಆ ಹೊಡೆತವನ್ನು ಸ್ಟಾಕಿನ, ಅಂದರೆ ಹಿಂಬದಿಯ ಮರದ, ಮುಂತುದಿ, ಅದರ ತಲೆ, ಅಗಲವಾಗಿ ತೆಗೆದುಕೊಳ್ಳಬೇಕು. ಆಕ್ಷನ್ನಿನ ಹಿಂಬದಿ ಮರಕ್ಕೆ ಎಲ್ಲ ಕಡೆ ಸಮವಾಗಿ ತಾಗಿದ್ದರೆ ಹೊಡೆತ ಹಂಚಿಹೋಗುತ್ತದೆ. ಮರ ಒಣಗಿ ಕುಗ್ಗಿದರೆ, ತಿರುಪುಗಳು ಸಡಿಲವಾದರೆ ಅಥವಾ ಎಣ್ಣೆ ಕುಡಿದು ತಲೆಭಾಗ ಮೆತ್ತಗಾದರೆ ಆ ತಾಗುವಿಕೆ ತಪ್ಪುತ್ತದೆ. ಆಗ ಹೊಡೆತವೆಲ್ಲ ಟ್ಯಾಂಗಿನ ತುದಿಗೆ ಬೀಳುತ್ತದೆ. ಟ್ಯಾಂಗ್ ಎಂದರೆ ನೀವು ಹೇಳಿದ ಮೇಲಿನ ಕಬ್ಬಿಣದ ಪಟ್ಟಿ. ಅದು ಸೌದೆ ಸೀಳುವ ಬೆಣೆಯ ಹಾಗೆ ಮರವನ್ನು ಉದ್ದಕ್ಕೆ ಸೀಳುತ್ತದೆ. ಮರ ಎಳೆಯುದ್ದಕ್ಕೆ ಗಟ್ಟಿ, ಎಳೆಗಳನ್ನು ಒಂದರಿಂದೊಂದು ಬಿಡಿಸಿ ಎಳೆದರೆ ತೀರಾ ದುರ್ಬಲ. ಬಿರುಕು ಸರಿಯಾಗಿ ಟ್ಯಾಂಗ್ ಮುಗಿಯುವಲ್ಲೇ ಶುರುವಾಗಿದೆ ಎಂದು ನೀವೇ ಬರೆದಿದ್ದೀರಿ. ಕಾರಣ ಅದರಲ್ಲೇ ಇದೆ.

ಲಾಕ್ ಪ್ಲೇಟಿನ ಹಿಂದಿನ ಚಕ್ಕೆಗೂ ಕಾರಣ ಇದೇ. ಸಡಿಲವಾದ ಆಕ್ಷನ್ ಜೊತೆ ಪ್ಲೇಟೂ ಹಿಂದಕ್ಕೆ ಸರಿದು ಮರದ ತೆಳು ಅಂಚನ್ನು ಎಬ್ಬಿಸಿದೆ. ನಿಮ್ಮದು ಬ್ಯಾಕ್ ಆಕ್ಷನ್ ಲಾಕ್ ಇರಬಹುದು, ನೋಡಿಕೊಳ್ಳಿ: ಪ್ಲೇಟಿನ ಹೆಚ್ಚಿನ ಭಾಗ ಹ್ಯಾಮರಿಗಿಂತ ಹಿಂದೆ, ಕುತ್ತಿಗೆಯ (ಕೈ ಹಿಡಿಯುವ ಜಾಗದ) ಕಡೆಗೆ ಚಾಚಿದ್ದರೆ ಅದೇ. ಅದರ ಮುಖ್ಯ ಸ್ಪ್ರಿಂಗ್ ಹ್ಯಾಮರಿನ ಹಿಂದೆ ಕೂರುವುದರಿಂದ ಕುತ್ತಿಗೆಯ ಮರವನ್ನೇ ಹೆಚ್ಚು ತೋಡಿರುತ್ತಾರೆ. ಎರಡೂ ಬದಿ ತೋಡಿದ ಮೇಲೆ ನಡುವೆ ಉಳಿಯುವ ಮರ ನೋಡಿದರೆ ಇದು ಇಷ್ಟು ವರ್ಷ ಹೇಗೆ ಬಾಳಿತು ಎನಿಸುತ್ತದೆ. ಬುಡದ ಮೂಲೆ ಮಾತ್ರ ಬೇರೆ ಕಥೆ. ಅದು ಎಲ್ಲೋ ಬಿದ್ದದ್ದು, ಅಥವಾ ನೆಲಕ್ಕೆ ಕುಟ್ಟಿ ನಿಲ್ಲಿಸಿದ್ದು. ಅಲ್ಲಿ ಎಳೆ ಹೊರಕ್ಕೆ ಓಡಿಹೋಗುವುದರಿಂದ ಸುಲಭವಾಗಿ ಚಕ್ಕೆ ಏಳುತ್ತದೆ.

ನಿಮಗೆ ಸಿಕ್ಕ ಸಲಹೆಗಳ ವಿಚಾರ. ಬಿಳಿ ಅಂಟು ಕುರ್ಚಿ, ಮೇಜಿಗೆ ಒಳ್ಳೆಯದು. ಆದರೆ ಎಣ್ಣೆ ಕುಡಿದ ಮರಕ್ಕೆ ಅದು ಕಚ್ಚುವುದಿಲ್ಲ, ಸಂದು ಇರುವಲ್ಲಿ ತುಂಬಿಕೊಂಡು ಬಲ ಕೊಡುವುದಿಲ್ಲ, ಸತತ ಒತ್ತಡದಲ್ಲಿ ನಿಧಾನವಾಗಿ ಜಾರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಒಮ್ಮೆ ಸೋತರೆ ಎಳೆಯೊಳಗೆ ಕೂತ ಅದರ ಪದರದ ಮೇಲೆ ಮುಂದೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಕೂಡಲೇ ಅಂಟುವ ಸೂಪರ್ ಗ್ಲೂ ಕೂದಲೆಳೆಯ ಬಿರುಕಿಗೆ ಸರಿ, ತಾನೇ ಒಳಗೆ ಹರಿದುಹೋಗುತ್ತದೆ; ಆದರೆ ಪೆಡಸು, ಹೊಡೆತ ತಿನ್ನುವ ಕುತ್ತಿಗೆಗೆ ಬೇಡ. ಬಿರುಕಿಗೆ ಅಗಸೆ ಎಣ್ಣೆ ಕುಡಿಸಿದರೆ ಮರ ಊದಿ ಕೂಡಿಕೊಳ್ಳುತ್ತದೆ ಎಂಬ ಮಾತೂ ಕಿವಿಗೆ ಬೀಳಬಹುದು. ಕೂಡಿಕೊಳ್ಳುವುದಿಲ್ಲ, ಅಂಟಲು ಬೇಕಾದ ಜಾಗ ಹಾಳಾಗುತ್ತದೆ ಅಷ್ಟೆ.

ಪೂರ್ತಿ ಉಜ್ಜುವ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ಹಳೇ ಕೋವಿಯಲ್ಲಿ ಮರ ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರದಲ್ಲಿ ಅಥವಾ ಸರಿಸಮವಾಗಿ ನಿಲ್ಲುವಂತೆ ಮಾಡಿರುತ್ತಾರೆ. ಅರ್ಧ ಮಿ.ಮೀ. ಉಜ್ಜಿದರೂ ಲೋಹದ ಅಂಚುಗಳು ಮೇಲೆದ್ದು ನಿಲ್ಲುತ್ತವೆ, ಕೈಹಿಡಿತದ ಚೌಕುಳಿ ಕೆತ್ತನೆ ಮಸುಕಾಗುತ್ತದೆ, ನೂರು ವರ್ಷದ ಬಣ್ಣ ಹೋಗುತ್ತದೆ. ಬಿರುಕನ್ನು ಇಂದಲ್ಲ ನಾಳೆ ರಿಪೇರಿ ಮಾಡಬಹುದು, ಉಜ್ಜಿ ತೆಗೆದ ಮರವನ್ನು ಯಾರೂ ವಾಪಸು ತರಲಾರರು.

ಹೊಸ ಮರ ಹಾಕಿಸುವುದು ತಪ್ಪಲ್ಲ, ಆದರೆ ಕೊನೆಯ ದಾರಿ. ತಲೆಭಾಗ ಬೆರಳುಗುರಿನಿಂದ ಒತ್ತಿದರೆ ತಗ್ಗು ಬೀಳುವಷ್ಟು ಕೊಳೆತಿದ್ದರೆ, ಅಥವಾ ಕುತ್ತಿಗೆ ಎಳೆಗೆ ಅಡ್ಡಲಾಗಿ ತುಂಡಾಗಿ ಲಾಕಿನ ತೋಡಿನೊಳಗೆ ಮರ ಪುಡಿಯಾಗಿದ್ದರೆ ಮಾತ್ರ ಆ ಮಾತು. ಹೊಸ ಸ್ಟಾಕಿನಲ್ಲಿ ಲೋಹ ಕೂರಿಸುವ ತೋಡು ಕೆಲಸ ಈ ಇಡೀ ವಿದ್ಯೆಯಲ್ಲೇ ಕಷ್ಟದ್ದು. ಕೆಟ್ಟದಾಗಿ ಕೂರಿಸಿದ ಹೊಸ ಮರ ಹಳೆಯದಕ್ಕಿಂತ ಬೇಗ ಸೀಳುತ್ತದೆ. ಯಾರು ಏನೇ ಮಾಡಿಸಿದರೂ ಹಳೇ ಮರವನ್ನು ಎಸೆಯಬೇಡಿ. ಅಳತೆಗೂ ಕೋವಿಯ ಬೆಲೆಗೂ ಅದು ಬೇಕು.

ಬಿಚ್ಚುವುದು

ಕೋವಿ ಖಾಲಿ ಇದೆಯೆಂದು ಕಣ್ಣಿಂದ ನೋಡಿ, ಬೆರಳಿಟ್ಟು ಮುಟ್ಟಿ. ಮುಂಗೈಮರ ತೆಗೆದು ನಳಿಕೆ ಬೇರ್ಪಡಿಸಿ. ಇಲ್ಲಿಂದ ಮುಂದೆ ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ಒಂದು ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು, ಬಿಚ್ಚಿದ ಪ್ರತಿ ತಿರುಪನ್ನೂ ಅದರ ಜಾಗದಲ್ಲೇ ಚುಚ್ಚಿಡಿ. ಆ ಕಾಲದ ತಿರುಪುಗಳನ್ನು ಒಂದೊಂದಾಗಿ ಕೈಯಲ್ಲಿ ಹೊಂದಿಸಿರುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಬಲವಂತ ಮಾಡಿದರೆ ಮರೆ (ತಿರುಪಿನ ಸುತ್ತುಗೆರೆ) ಹಾಳು.

ತಿರುಪುಗಳ ತಲೆಯ ಸೀಳು ಬಹಳ ಕಿರಿದು. ಅಂಗಡಿಯ ಸ್ಕ್ರೂಡ್ರೈವರಿನ ತುದಿ ಬೆಣೆಯಾಕಾರದಲ್ಲಿರುವುದರಿಂದ ಮೇಲಂಚಿಗೆ ಮಾತ್ರ ಕಚ್ಚಿ ಜಾರುತ್ತದೆ. ತುದಿಯನ್ನು ಎರಡೂ ಬದಿ ಸಮಾಂತರವಾಗಿ ತೇಯ್ದು, ಸೀಳಿನ ತಳದವರೆಗೆ ಇಳಿದು ಪೂರ್ತಿ ಅಗಲ ತುಂಬುವಂತೆ ಮಾಡಿಕೊಳ್ಳಿ. ತಿರುಪು ಅಲ್ಲಾಡದಿದ್ದರೆ ಕಾದ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಅದರ ತಲೆಗೆ ಕೆಲವು ಸೆಕೆಂಡು ಒತ್ತಿಹಿಡಿದು, ಆರಿದ ಮೇಲೆ ಮತ್ತೆ ಪ್ರಯತ್ನಿಸಿ. ತುಕ್ಕು ಬಿಡಿಸುವ ಎಣ್ಣೆ ಬೇಡ, ಅದು ನೇರ ಬಿರುಕಿಗೆ ಇಳಿಯುತ್ತದೆ.

ಲಾಕ್ ತೆಗೆಯುವಾಗ ಹ್ಯಾಮರ್‌ಗಳನ್ನು ಅರ್ಧ ಎತ್ತಿದ ಸ್ಥಿತಿಯಲ್ಲಿಡಿ, ಇಲ್ಲದಿದ್ದರೆ ಅಂಚಿಗೆ ತಗುಲಿ ಮರ ಕೀಳುತ್ತವೆ. ಲಾಕನ್ನು ಹಿಡಿದಿರುವ ಅಡ್ಡ ತಿರುಪನ್ನು ಎರಡು ಮೂರು ಸುತ್ತು ಸಡಿಲಿಸಿ ಅದರ ತಲೆಯ ಮೇಲೆ ಮರದ ಸುತ್ತಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಎದುರು ಬದಿಯ ಲಾಕ್ ತಾನೇ ಹೊರಬರುತ್ತದೆ. ಪ್ಲೇಟಿನ ಅಂಚಿಗೆ ಉಳಿ ಹಾಕಿ ಎತ್ತಲು ಹೋದರೆ ಇನ್ನೊಂದು ಚಕ್ಕೆ ಗ್ಯಾರಂಟಿ. ಹೊರಬಂದ ಲಾಕಿನಲ್ಲಿ ಸ್ಪ್ರಿಂಗ್ ಬಿಗಿಯಲ್ಲೇ ಇರುತ್ತದೆ. ಆಟವಾಡಬೇಡಿ, ಬಟ್ಟೆಯಲ್ಲಿ ಸುತ್ತಿಡಿ. ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಲೋಹದ ಬಳೆಯ) ಬಾಲದ ಮರತಿರುಪು ತೆಗೆದ ಮೇಲೆ ಗಾರ್ಡನ್ನು ಎಳೆಯಬೇಡಿ. ಬಹಳ ಕೋವಿಗಳಲ್ಲಿ ಅದರ ಮುಂತುದಿ ಟ್ರಿಗರ್ ಪ್ಲೇಟಿಗೆ ಮರೆಯಿಂದ ಕೂತಿರುತ್ತದೆ, ಸುತ್ತಿಸಿ ಬಿಚ್ಚಬೇಕು.

ಬರಿಯ ಮರ ಕೈಗೆ ಬಂದಾಗ ಹತ್ತಿಯಿಂದ ಟರ್ಪೆಂಟೈನ್ ಅಥವಾ ಮಿನರಲ್ ಸ್ಪಿರಿಟ್ ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ಕಾಯಿರಿ. ಮೇಲ್ಮೈ ಆರುತ್ತಾ ಬರುತ್ತದೆ, ಬಿರುಕಿನೊಳಗೆ ಇಳಿದದ್ದು ಆರುವುದಿಲ್ಲ. ಕಪ್ಪು ಗೆರೆಯಾಗಿ ಉಳಿಯುತ್ತದೆ. ನೀವು 7 ಸೆಂ.ಮೀ. ಎಂದುಕೊಂಡದ್ದು 10 ಇರಬಹುದು. ಟ್ಯಾಂಗಿನ ತೋಡಿನ ಒಳಗೆ, ಲಾಕಿನ ತೋಡಿನ ಒಳಗೋಡೆಯಲ್ಲಿ ಇನ್ನೊಂದೆರಡು ಗೆರೆ ಕಂಡರೂ ಆಶ್ಚರ್ಯವಿಲ್ಲ. ಎಲ್ಲ ಗೆರೆಯ ಕೊನೆಗೂ ಪೆನ್ಸಿಲಿನಿಂದ ಗುರುತು ಹಾಕಿ.

ಮೊಳೆ, ಕಲೆ, ಎಣ್ಣೆ

ಮೊಳೆಗಳನ್ನು ಇಕ್ಕಳದಿಂದ ಕೀಳಬೇಡಿ, ತುಕ್ಕು ಹಿಡಿದ ಮೊಳೆ ಸುತ್ತಲಿನ ಎಳೆಯನ್ನೂ ಕಿತ್ತುಕೊಂಡು ಬರುತ್ತದೆ. ಮೊಳೆಗಿಂತ ಸ್ವಲ್ಪವೇ ದಪ್ಪದ ಉಕ್ಕಿನ ಕೊಳವೆ ತುಂಡಿನ ಬಾಯಿಗೆ ಅರದಿಂದ ನಾಲ್ಕಾರು ಹಲ್ಲು ಮಾಡಿ, ಡ್ರಿಲ್ಲಿಗೆ ಹಾಕಿ, ಮೊಳೆಯ ಸುತ್ತ ನಿಧಾನವಾಗಿ ಕೊರೆಯಿರಿ. ಮೊಳೆ ತನ್ನ ಸುತ್ತಲಿನ ಕಪ್ಪು ಮರದೊಂದಿಗೆ ಕಡ್ಡಿಯಾಗಿ ಹೊರಬರುತ್ತದೆ. ಆ ತೂತಿಗೆ ಆಮೇಲೆ ಸ್ಟಾಕಿನ ಮರವಾದ ಅಕ್ರೋಟಿನದೇ ಬಿರಡೆ.

ಕಪ್ಪು ಕಲೆ ಕೊಳೆತದ್ದಲ್ಲ. ಅಕ್ರೋಟಿನಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಶಾಯಿಯಾದದ್ದು. ಆಕ್ಸಾಲಿಕ್ ಆಮ್ಲದ ದ್ರಾವಣವನ್ನು ಕುಂಚದ ತುದಿಯಿಂದ ಕಲೆಯ ಮೇಲೆ ಮಾತ್ರ ಹಚ್ಚಿದರೆ ತಿಳಿಯಾಗುತ್ತದೆ. ಅದು ವಿಷ, ಕೈಗವಸು ಹಾಕಿ, ಒಣಗಿದ ಪುಡಿ ಉಸಿರಿಗೆ ಹೋಗದಂತೆ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ ತೆಗೆಯಿರಿ. ಉಕ್ಕಿನ ನಾರನ್ನು ಒದ್ದೆ ಅಕ್ರೋಟಿನ ಮೇಲೆ ಉಜ್ಜಬೇಡಿ, ಅದೇ ಶಾಯಿ ಮತ್ತೆ ಹುಟ್ಟುತ್ತದೆ.

ಎಣ್ಣೆಯ ಕೆಲಸಕ್ಕೆ ವಾರವಾದರೂ ಕೊಡಿ. ಇಡೀ ರಿಪೇರಿ ನಿಲ್ಲುವುದೋ ಬೀಳುವುದೋ ಇದರ ಮೇಲೆ. ಕೋವಿಯನ್ನು ತಲೆತಲಾಂತರದಿಂದ ನಳಿಕೆ ಮೇಲೆ ಮಾಡಿ ನಿಲ್ಲಿಸಿ, ಲಾಕಿಗೆ ಎಣ್ಣೆ ಹಾಕುತ್ತಾ ಬಂದಿದ್ದಾರೆ. ಅದೆಲ್ಲ ಇಳಿದು ಸ್ಟಾಕಿನ ತಲೆಯಲ್ಲಿ ಕೂತಿದೆ. ನಯವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು (ಬೋರ್ಡಿಗೆ ಬರೆಯುವ ಚಾಕ್ ಎಷ್ಟೋ ಸಲ ಜಿಪ್ಸಂ, ಅದು ಬೇಡ) ಅಸಿಟೋನಿನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ತಲೆಭಾಗ ಮತ್ತು ತೋಡುಗಳಿಗೆ ಅರ್ಧ ಸೆಂ.ಮೀ. ದಪ್ಪಕ್ಕೆ ಮೆತ್ತಿ. ಅಸಿಟೋನ್ ಎಣ್ಣೆಯನ್ನು ಕರಗಿಸುತ್ತದೆ, ಅದು ಆರುವಾಗ ಪುಡಿ ಎಣ್ಣೆಯನ್ನು ಹೀರಿಕೊಂಡು ಕಂದಾಗುತ್ತದೆ. ಒಣಗಿದ ಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ಉದುರಿಸಿ ಮತ್ತೆ ಮೆತ್ತಿ. ಮೊದಲ ಸಲ ಪುಡಿ ಬೆಲ್ಲದ ಬಣ್ಣಕ್ಕೆ ತಿರುಗಬಹುದು. ಅದು ಬೆಳ್ಳಗೇ ಉಳಿಯುವವರೆಗೆ ಮುಂದುವರಿಸಿ, ಐದಾರು ಸಲವಾದರೂ ಆಗಲಿ. ಅಸಿಟೋನ್ ಹೊರಮೈಯ ಹಳೇ ಪಾಲಿಶನ್ನೂ ಕರಗಿಸುವುದರಿಂದ ಹೊರಗಿನ ಅಂಚಿಗೆ ಟೇಪ್ ಸುತ್ತಿ, ಮೆತ್ತುವುದನ್ನು ಒಳಗೇ ನಿಲ್ಲಿಸಿ. ಬಾಗಿಲು ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ, ಹೀಟರ್, ಕಿಡಿ ಹಾರಿಸುವ ಯಂತ್ರ ಯಾವುದೂ ಬೇಡ. ಒಲೆ ತೊಳೆಯುವ ಕ್ಷಾರ, ಬಿಸಿನೀರು ಸೋಪು ಹಾಕಿ ತಿಕ್ಕುವವರಿದ್ದಾರೆ. ಎಣ್ಣೆ ಹೋಗುವುದು ನಿಜ, ಆದರೆ ಮರ ಊದಿ, ಆಮೇಲೆ ಕುಗ್ಗಿ, ಲೋಹ ಕೂರುವ ತೋಡುಗಳ ಅಳತೆಯೇ ತಪ್ಪುತ್ತದೆ.

ಬಿರುಕಿನೊಳಗಿನ ಹಳೇ ಅಂಟನ್ನೂ ತೆಗೆಯಬೇಕು. ಬಿದಿರಿನ ತೆಳು ಸೀಳನ್ನು ಬೆಣೆಯಾಗಿ ಹಾಕಿ ಬಿರುಕು ಎಷ್ಟು ಸಲೀಸಾಗಿ ತೆರೆಯುತ್ತದೋ ಅಷ್ಟೇ ತೆರೆಯಿರಿ. ಬಿಳಿ ಅಂಟಾದರೆ ಬೆಚ್ಚಗಿನ ವಿನೆಗರ್ ಮೆತ್ತಗೆ ಮಾಡುತ್ತದೆ. ಗಾಜಿನಂತೆ ಗಟ್ಟಿಯಾದದ್ದನ್ನು ಸೂಜಿ, ತೆಳು ಬ್ಲೇಡಿನಿಂದ ಕೆರೆದೇ ತೆಗೆಯಬೇಕು. ಒಡೆದ ಮುಖಗಳಿಗೆ ಸ್ಯಾಂಡ್‌ಪೇಪರ್ ತಾಗಿಸಬೇಡಿ. ಆ ಒರಟು ಎಳೆಗಳು ಒಂದಕ್ಕೊಂದು ಕಚ್ಚಿ ಕೂರುವುದೇ ಜೋಡಣೆಯ ಅರ್ಧ ಬಲ. ವಿನೆಗರಿನ ತೇವ ಪೂರ್ತಿ ಆರಲು ಎರಡು ದಿನ ಬಿಡಿ.

ಅಂಟು

ಎರಡು ದಾರಿಗಳಿವೆ. ಕೋವಿ ಗೋಡೆಗಷ್ಟೇ ಎಂದು ನಿರ್ಧರಿಸಿದ್ದರೆ, ಪ್ರಾಣಿಗಳ ಚರ್ಮದಿಂದ ಮಾಡುವ ಹಳೇ ಕಾಲದ ಬಿಸಿ ಅಂಟು ಚೆಂದ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಚ್ಚಬೇಕು, ಕುದಿಸಿದರೆ ಬಲ ಹೋಗುತ್ತದೆ. ಮುಂದೆ ಯಾರಾದರೂ ಬೆಚ್ಚಗಿನ ನೀರಿನಿಂದ ಬಿಚ್ಚಿ ಮತ್ತೆ ಕೂಡಿಸಬಹುದು ಎಂಬುದೇ ಅದರ ಗುಣ. ತೇವಕ್ಕೆ ಹೆದರುವುದು ಅದರ ದೋಷ. ಕೋವಿ ಎಂದಾದರೂ ಹಾರಬೇಕು ಎಂದಿದ್ದರೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ. ಇದನ್ನು ಸುಲಭದಲ್ಲಿ ಬಿಚ್ಚಲಾಗದು, ಆದ್ದರಿಂದ ಒಂದೇ ಸಲಕ್ಕೆ ಸರಿಯಾಗಬೇಕು. ಐದು ನಿಮಿಷದ ಎಪಾಕ್ಸಿ ಬೇಡ, ಎಳೆಯೊಳಗೆ ಇಳಿಯುವ ಮೊದಲೇ ಕಟ್ಟಿಕೊಳ್ಳುತ್ತದೆ.

ಮೊದಲು ಅಂಟಿಲ್ಲದೆ ಪೂರ್ತಿ ಅಭ್ಯಾಸ ಮಾಡಿ. ಕುತ್ತಿಗೆ ಉರುಟು, ಓರೆ, ಕ್ಲಾಂಪ್ ಜಾರುತ್ತದೆ. ಸೈಕಲ್ ಟ್ಯೂಬನ್ನು 2–3 ಸೆಂ.ಮೀ. ಅಗಲದ ಉದ್ದ ಪಟ್ಟಿಯಾಗಿ ಕತ್ತರಿಸಿ, ಎಳೆದು ಎಳೆದು ಸುತ್ತುವುದು ಎಲ್ಲಕ್ಕಿಂತ ಒಳ್ಳೆಯ ಹಿಡಿತ, ಸುತ್ತು ಹೆಚ್ಚಿದಷ್ಟೂ ಒತ್ತಡ. ಬಿರುಕಿನ ಗೆರೆ ಬೆರಳಿಗೆ ತಾಗದಂತೆ ಮುಚ್ಚಿಕೊಂಡರೆ ಅಭ್ಯಾಸ ಸಾಕು. ಮುಚ್ಚದಿದ್ದರೆ ಒಳಗೆ ಇನ್ನೂ ಕಸವಿದೆ.

ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬಿಯ ಮೇಲೆ ಹೇಳಿದ ಅನುಪಾತದಲ್ಲೇ ಅಳೆದು ಎರಡು ನಿಮಿಷ ಪೂರ್ತಿ ಕಲಸಿ. ಕಂದು ಮಣ್ಣಿನ ಒಣ ಬಣ್ಣ, ಬರ್ನ್ಟ್ ಅಂಬರ್, ಚಿಟಿಕೆಯಷ್ಟು ಸೇರಿಸಿ, ಮರಕ್ಕಿಂತ ಒಂದು ಛಾಯೆ ಗಾಢವಿರಲಿ. ತೆಳು ಗಾಢ ಗೆರೆ ಮರದ ಎಳೆಯಂತೆ ಕಾಣುತ್ತದೆ, ತಿಳಿ ಗೆರೆ ಗಾಯದಂತೆ ಕಾಣುತ್ತದೆ. ಎಣ್ಣೆಯ ಬಣ್ಣ ಮಾತ್ರ ಬೇಡ. ಹಚ್ಚುವ ದಿನವೇ ಬಿರುಕನ್ನು ಅಸಿಟೋನಿನಿಂದ ಕೊನೆಯ ಸಲ ತೊಳೆದು ಆರಲು ಬಿಡಿ. ತಡಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಹೇರ್ ಡ್ರೈಯರಿನಿಂದ ಮರವನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಎಪಾಕ್ಸಿ ತೆಳುವಾಗಿ ಒಳಗಿಳಿಯುತ್ತದೆ, ಆದರೆ ಅಸಿಟೋನಿನ ವಾಸನೆ ಪೂರ್ತಿ ಹೋದ ಮೇಲೆ ಮಾತ್ರ. ಮೇಲಿನಿಂದ ಸುರಿಯುತ್ತಾ, ಕುತ್ತಿಗೆಯನ್ನು ಮೆಲ್ಲಗೆ ತಿರುಚಿ ಬಿರುಕು ತೆರೆದು ಮುಚ್ಚಿ ಮಾಡಿ. ಮುಚ್ಚುವಾಗ ಗುಳ್ಳೆ ಬರುತ್ತಿದ್ದರೆ ಒಳಗೆ ಗಾಳಿ ಇದೆ. ಎದುರು ಬದಿಯಿಂದ ಅಂಟು ಒಸರುವುದು ಕಂಡ ಮೇಲೆ ಐದು ನಿಮಿಷ ಬಿಟ್ಟು, ಹೀರಿಕೊಂಡಷ್ಟನ್ನು ಮತ್ತೆ ತುಂಬಿ. ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಟ್ಯೂಬ್.

ಈ ಹೊತ್ತಿನಲ್ಲಿ ಆಕ್ಷನ್ನನ್ನೂ ಸ್ಟಾಕಿಗೆ ಕೂರಿಸಿಡುವುದು ಒಳ್ಳೆಯದು, ಮರ ಸೊಟ್ಟ ಕೂಡಿಕೊಳ್ಳುವುದಿಲ್ಲ. ಆದರೆ ಲೋಹಕ್ಕೆ ಎಲ್ಲ ಕಡೆ ಮೇಣದ ಪಾಲಿಶ್ ಎರಡು ಕೈ ಹಚ್ಚಿ, ತಿರುಪಿನ ತೂತು, ಸಂದುಗೊಂದುಗಳಿಗೆ ಮಕ್ಕಳ ಆಟದ ಜೇಡಿ ತುಂಬಿರಬೇಕು. ಬಿಟ್ಟುಹೋದ ಒಂದು ಕಚ್ಚಿಗೆ ಎಪಾಕ್ಸಿ ಹೊಕ್ಕು ಗಟ್ಟಿಯಾದರೆ ಲೋಹ ಮರಕ್ಕೆ ಶಾಶ್ವತ ಬೀಗ. ಮೂರು ನಾಲ್ಕು ಗಂಟೆಯಲ್ಲಿ ಒಸರಿದ ಅಂಟು ರಬ್ಬರಿನಂತಾದಾಗ ಬಿದಿರಿನ ಉಳಿಯಿಂದ ಸಿಪ್ಪೆಯಂತೆ ಏಳುತ್ತದೆ. ಹಸಿ ಇರುವಾಗ ಅಸಿಟೋನಿನಿಂದ ಒರೆಸಿದರೆ ಅದು ಜೋಡಣೆಯೊಳಗೂ ಹರಿದು ಅಂಟನ್ನು ಸಡಿಲಿಸುತ್ತದೆ. 24 ಗಂಟೆ ಟ್ಯೂಬ್ ಬಿಚ್ಚಬೇಡಿ, ಪೂರ್ತಿ ಬಲಕ್ಕೆ ಒಂದು ವಾರ ಲೆಕ್ಕ ಹಿಡಿಯಿರಿ.

ಬಿರುಕು ಕುತ್ತಿಗೆಯ ಮೇಲರ್ಧದಲ್ಲಷ್ಟೇ ಇದ್ದರೆ ಅಂಟು ಸಾಕು. ಕೆಳಗೆ ಟ್ರಿಗರ್ ಗಾರ್ಡಿನ ಬಾಲದವರೆಗೂ ಇಳಿದಿದ್ದರೆ ಒಳಗಿನಿಂದ ಕಡ್ಡಿ ಹಾಕಬೇಕು. ಹೊರಗೆ ಕಾಣುವ ಜಾಗದಿಂದ ಕೊರೆಯುವ ಅಗತ್ಯವೇ ಇಲ್ಲ, ಗಾರ್ಡಿನ ಬಾಲ ಮುಚ್ಚುವ ತೋಡಿನಿಂದ ಓರೆಯಾಗಿ ಮೇಲಕ್ಕೆ, ಬಿರುಕನ್ನು ದಾಟಿ ಎದುರು ಬದಿಗೆ ಹೋಗುವಂತೆ ಒಂದು. ಲಾಕಿನ ತೋಡಿನ ಹಿಂಗೋಡೆಯಿಂದ ಹಿಂದಕ್ಕೆ ಓರೆಯಾಗಿ ಇನ್ನೊಂದು. 3 ಮಿ.ಮೀ. ಮರೆಯಿರುವ ಹಿತ್ತಾಳೆ ಕಡ್ಡಿ, ಅದಕ್ಕೆ 3.5 ಮಿ.ಮೀ. ತೂತು. ಹೊರಮೈಗೆ ಕನಿಷ್ಠ 6 ಮಿ.ಮೀ. ಮರ ಉಳಿಯುವಲ್ಲಿ ನಿಲ್ಲಿಸಿ. ಆಳ ತಿಳಿಯಲು ಡ್ರಿಲ್ಲಿನ ಕೊರೆಕಡ್ಡಿಗೆ ಟೇಪ್ ಗುರುತು ಸುತ್ತಿ. ಕಡ್ಡಿಯ ಒಂದು ಬದಿಗೆ ಅರದಿಂದ ಉದ್ದ ಗೀರು ಎಳೆಯಿರಿ. ಗಾಳಿಗೂ ಹೆಚ್ಚಿನ ಅಂಟಿಗೂ ಹೊರಬರಲು ದಾರಿಯಿಲ್ಲದೆ ಕಡ್ಡಿ ಒತ್ತಿದರೆ ಆ ಒತ್ತಡವೇ ಮರವನ್ನು ಹೊಸದಾಗಿ ಸೀಳುತ್ತದೆ.

ಕಾರಣ ತೆಗೆಯುವುದು

ಇಷ್ಟಾದ ಮೇಲೆ ಜೋಡಿಸಿ ಮುಗಿಸಿದರೆ ಬಿರುಕು ಮತ್ತೆ ಬರುತ್ತದೆ, ಬಹುಶಃ ಅಂಟಿನ ಪಕ್ಕದಲ್ಲೇ. ಆಕ್ಷನ್ನಿನ ಹಿಂಬದಿಗೆ ಎಣ್ಣೆದೀಪದ ಮಸಿ ತೆಳುವಾಗಿ ಹಿಡಿದು, ಸ್ಟಾಕಿಗೆ ಕೂರಿಸಿ, ತಿರುಪು ಬಿಗಿದು ಬಿಚ್ಚಿ ನೋಡಿ. ಮಸಿ ಹತ್ತಿದಲ್ಲಿ ಮಾತ್ರ ಮರ ಲೋಹಕ್ಕೆ ತಾಗುತ್ತಿದೆ. ಹಾಳಾದ ಸ್ಟಾಕಿನಲ್ಲಿ ಸಾಮಾನ್ಯವಾಗಿ ಟ್ಯಾಂಗಿನ ತುದಿಯಲ್ಲಿ ಒಂದು ದಟ್ಟ ಚುಕ್ಕೆ, ತಲೆಯಲ್ಲಿ ಒಂದು ಬದಿಗೆ ಮಾತ್ರ ಗುರುತು ಕಾಣುತ್ತದೆ. ಬೇಕಾದ್ದು ಇದರ ತಿರುಗುಮುರುಗು.

ಟ್ಯಾಂಗಿನ ತುದಿಯ ಹಿಂದೆ ಅರ್ಧ ಮಿ.ಮೀ. ಮರ ಕೆರೆದು ಸಂದು ಬಿಡಿ. ಲಾಕ್ ಪ್ಲೇಟುಗಳ ಹಿಂದೆ ಕೂದಲೆಳೆ ಸಂದು ಸಾಕು, ಹೆಚ್ಚಾದರೆ ಕಣ್ಣಿಗೆ ಹೊಡೆಯುತ್ತದೆ. ತಲೆಯಲ್ಲಿ ಮಸಿ ಹತ್ತಿದ ಎತ್ತರಗಳನ್ನು ಹರಿತ ಉಳಿಯಿಂದ ಧೂಳಿನಷ್ಟು ಕೆರೆದು, ಮತ್ತೆ ಮಸಿ, ಮತ್ತೆ ಕೂರಿಸಿ ನೋಡುವುದು, ಹೀಗೆ ಎರಡೂ ಬದಿ ಗುರುತು ಬರುವವರೆಗೆ. ಎಣ್ಣೆಗೆ ಮೆತ್ತಗಾಗಿ ಕುಗ್ಗಿದ ಜಾಗ ತಾಗುವ ಹಂತಕ್ಕೆ ಬರದಿದ್ದರೆ ಇಡೀ ತಲೆಯನ್ನು ಕೆರೆಯುತ್ತಾ ಹೋಗಬೇಡಿ. ಹಾಗೆ ಮಾಡಿದರೆ ಆಕ್ಷನ್ ಹಿಂದಕ್ಕೆ ಸರಿದು ತಿರುಪಿನ ತೂತುಗಳೂ ಟ್ರಿಗರಿನ ಜಾಗವೂ ತಪ್ಪುತ್ತವೆ. ಅದರ ಬದಲು ತಗ್ಗಿಗೆ ಅಕ್ರೋಟಿನ ಹುಡಿ ಬೆರೆಸಿದ ಎಪಾಕ್ಸಿ ಒಂದು ಮಿ.ಮೀ. ಹಾಕಿ, ಮೇಣ ಹಚ್ಚಿದ ಲೋಹವನ್ನು ಕೂರಿಸಿ ಗಟ್ಟಿಯಾಗಲು ಬಿಡಿ. ಲೋಹದ ಅಚ್ಚೇ ಅಲ್ಲಿ ಮೂಡುತ್ತದೆ. ಈ ಹಂತಕ್ಕೆ ಸಂಜೆಗಳು ಹೋಗುತ್ತವೆ, ಹೋಗಲಿ.

ಚಕ್ಕೆ, ಮೂಲೆ, ಮೇಲ್ಮೈ

ಚಕ್ಕೆ ಎದ್ದ ಜಾಗಕ್ಕೂ ಬುಡದ ಮೂಲೆಗೂ ಅಕ್ರೋಟು ಮರವೇ ಬೇಕು. ಹುಡಿ ಅಂಟು ಕಲಸಿ ತುಂಬಿದ್ದು ವರ್ಷದಲ್ಲಿ ಬೇರೆ ಬಣ್ಣಕ್ಕೆ ತಿರುಗುತ್ತದೆ. ಮುರಿದ ಮೂಲೆಯನ್ನು ಎಳೆಯ ದಿಕ್ಕಿಗೆ ಆದಷ್ಟು ಹತ್ತಿರದ ಓರೆಯಲ್ಲಿ ಒಂದೇ ಸಮತಟ್ಟು ಮುಖವಾಗಿ ಕೊಯ್ದುಕೊಳ್ಳಿ. ಎಳೆಗೆ ನೇರ ಅಡ್ಡ ಕೊಯ್ದರೆ ಅಂಟು ಹಿಡಿಯುವುದೂ ಕಡಿಮೆ, ಗೆರೆಯೂ ಎದ್ದು ಕಾಣುತ್ತದೆ. ಹೊಸ ತುಂಡಿನ ಎಳೆ, ರಂಧ್ರ, ಓರೆ ಮೂರೂ ಹೊಂದುವಂತೆ ತಿರುಗಿಸಿ ನೋಡಿ, ಒಂದೆರಡು ಮಿ.ಮೀ. ದಪ್ಪ ಬಿಟ್ಟು ಅಂಟಿಸಿ. ಆಮೇಲೆ ಇಳಿಸುವಾಗ ಹಳೇ ಮರದ ಮೇಲೆ ಟೇಪ್ ಇರಲಿ. ಟೇಪು ಹರಿಯತೊಡಗಿದರೆ ಅರ ಬಿಟ್ಟು ಕೆರೆಯುವ ಬ್ಲೇಡು ಹಿಡಿಯಿರಿ.

ತಗ್ಗುಗಳಿದ್ದರೆ ಒದ್ದೆ ಹತ್ತಿಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆಯ ತುದಿ ಕೆಲವೇ ಸೆಕೆಂಡು ಇಟ್ಟರೆ ಅದುಮಿದ ಎಳೆ ಉಬ್ಬಿ ಮೇಲೆ ಬರುತ್ತದೆ. ಎಳೆ ಕತ್ತರಿಸಿಹೋದಲ್ಲಿ ಬರುವುದಿಲ್ಲ. ಚೌಕುಳಿ ಕೆತ್ತನೆಗೆ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಟರ್ಪೆಂಟೈನ್ ಸಾಕು.

ಹೊಸ ತುಂಡಿಗೂ ಅಂಟಿನ ಸುತ್ತಲಿಗೂ ಅಗಸೆ ಎಣ್ಣೆ. ಅಂಗಡಿಯಲ್ಲಿ ‘ಬಾಯಿಲ್ಡ್’ ಎಂದು ಸಿಗುವುದೇ ಆಗಬೇಕು, ಹಸಿ ಎಣ್ಣೆ ವಾರಗಟ್ಟಲೆ ಅಂಟಂಟಾಗಿರುತ್ತದೆ. ಹಳೇ ಕೋವಿಗಳ ಕೆಂಪು ಛಾಯೆ ಬೇಕಿದ್ದರೆ ಕೆಂಪು ಬಣ್ಣ ಬಿಡುವ ಆಲ್ಕನೆಟ್ ಗಿಡದ ಬೇರನ್ನು ಎಣ್ಣೆಯಲ್ಲಿ ಕೆಲವು ದಿನ ನೆನೆಸಿಡಿ. ಬೆರಳ ತುದಿಯಿಂದ ಒಂದೆರಡು ಹನಿ ತಿಕ್ಕಿ, ಕಾಲು ಗಂಟೆಗೆ ಒರೆಸಿ ತೆಗೆದು, ದಿನಕ್ಕೊಂದೇ ಕೈ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅಗಸೆ ಎಣ್ಣೆ ಆರುವಾಗ ಬಿಸಿಯೇರಿ ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರಡಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ. ಒಳಗಿನ ತೋಡುಗಳು, ತಲೆಯ ಮುಖ, ಬುಡದ ಪಟ್ಟಿಯ ಅಡಿ, ಇಲ್ಲೆಲ್ಲ ಶೆಲಾಕ್ (ಅರಗಿನ ಪಾಲಿಶ್) ತೆಳುವಾಗಿ ಎರಡು ಕೈ ಬಳಿಯಿರಿ. ಮುಂದೆ ಎಣ್ಣೆ ಇಳಿಯದಂತೆ ತಡೆಯುವುದು ಅದೇ.

ಜೋಡಿಸುವಾಗ ತಿರುಪುಗಳ ಸೀಳು ಮೊದಲು ಯಾವ ದಿಕ್ಕಿಗೆ ನಿಂತಿತ್ತೋ ಅಲ್ಲಿಗೆ ಬಂದಾಗ ನಿಲ್ಲಿಸಿ. ಅದಕ್ಕೂ ಮುಂದೆ ಹೋಗುತ್ತಿದ್ದರೆ ಮರ ಕುಗ್ಗಿದೆ, ತೋಡಿನಲ್ಲಿ ಇನ್ನೂ ಕೆಲಸ ಉಳಿದಿದೆ ಎಂದರ್ಥ. ಇನ್ನು ಮೇಲೆ ಕೋವಿಯನ್ನು ನಳಿಕೆ ಕೆಳಗೆ ಮಾಡಿ, ಬಾಯಿಯ ಅಡಿಗೆ ಮೆತ್ತನೆ ಬಟ್ಟೆ ಹಾಕಿ ಇಡಿ. ಲಾಕಿಗೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಎಣ್ಣೆ ಸಾಕು.

ಗನ್‌ಸ್ಮಿತ್ ನಳಿಕೆಯನ್ನು ಒಪ್ಪಿ, ಯಾವ ತೋಟೆ ಎಂದೂ ಹೇಳಿದರೆ, ಮೊದಲ ಹೊಡೆತಗಳು ನಿಮ್ಮ ಹೆಗಲ ಮೇಲಲ್ಲ, ಅವರ ಕೈಕೆಳಗೆ, ಸ್ಟ್ಯಾಂಡಿಗೆ ಕಟ್ಟಿ ದೂರದಿಂದ ದಾರ ಎಳೆದು ಆಗಲಿ. ಆಮೇಲೆ ಸುಮಾರು 25 ತೋಟೆ ಹಾರಿದ ಮೇಲೆ ಮತ್ತೆ ಬಿಚ್ಚಿ, ಟರ್ಪೆಂಟೈನ್ ಒರೆಸಿ, ಪೆನ್ಸಿಲ್ ಗುರುತುಗಳ ಆಚೆ ಕಪ್ಪು ಗೆರೆ ಓಡಿದೆಯೇ ನೋಡಿ. ಓಡಿದ್ದರೆ ಅಂಟನ್ನು ದೂರಬೇಡಿ. ಮಸಿ ಹಿಡಿದು ಟ್ಯಾಂಗಿನ ತುದಿಯನ್ನು ಮತ್ತೆ ಪರೀಕ್ಷಿಸಿ, ಅದು ಇನ್ನೂ ಎಲ್ಲೋ ತಾಗುತ್ತಿದೆ.